ಅಡ್ವೊಕೇಟ್ ಜನರಲ್ ಹುದ್ದೆಗೆ ಚುನಾವಣೆ ಏಕಿಲ್ಲ?

ಕಲಬುರಗಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯ ಮತದಾರರು ಸ್ಥಳೀಯ ಸಂಸ್ಥೆಗಳಿಂದ ಹಿಡಿದು ಲೋಕಸಭೆಯವರೆಗೆ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುತ್ತಾರೆ. ಆದರೆ ನ್ಯಾಯಾಲಯದಲ್ಲಿ ರಾಜ್ಯದ ಪರವಾಗಿ ವಾದಿಸುವ ಅಡ್ವೊಕೇಟ್ ಜನರಲ್ ಅವರನ್ನು ಆರಿಸುವ ಹಕ್ಕು ಅವರಿಗಿಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇದಕ್ಕೆ ಸಮನಾದ ಅಟಾರ್ನಿ ಜನರಲ್ ಹುದ್ದೆಗೆ ರಾಜ್ಯವ್ಯಾಪಿ ಚುನಾವಣೆ ನಡೆಯುತ್ತದೆ. ಇಲ್ಲಿ ಆ ಪದ್ಧತಿ ಇಲ್ಲದಿರುವುದಕ್ಕೆ ಕಾರಣ ಸಂವಿಧಾನದಲ್ಲಿಯೇ ಇದೆ.

ಈ ಹುದ್ದೆಯ ಮಹತ್ವ ಏನೆಂಬುದು 2025ರಲ್ಲಿ ಚಿತ್ತಾಪುರದ ಜನರ ಅನುಭವಕ್ಕೆ ಬಂತು. ಆ ವರ್ಷದ ಅಕ್ಟೋಬರ್‌ನಲ್ಲಿ ಪಟ್ಟಣದಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಪಥಸಂಚಲನಕ್ಕೆ ತಹಶೀಲ್ದಾರರು ಅನುಮತಿ ನಿರಾಕರಿಸಿದರು. ವಿವಾದ ಹೈಕೋರ್ಟಿನ ಕಲಬುರಗಿ ಪೀಠದ ಮುಂದೆ ಬಂತು. ಸರ್ಕಾರದ ನಿಲುವನ್ನು ಪೀಠಕ್ಕೆ ತಿಳಿಸಿದವರು ಅಡ್ವೊಕೇಟ್ ಜನರಲ್ ಕೆ. ಶಶಿಕಿರಣ ಶೆಟ್ಟಿ. ನ್ಯಾಯಾಲಯದ ಸೂಚನೆಯಂತೆ ಶಾಂತಿ ಸಭೆಗಳು ನಡೆದು, ಅಂತಿಮವಾಗಿ ನವೆಂಬರ್ 16ರಂದು ಪಥಸಂಚಲನ ನಡೆಯಿತು. ತಾಲ್ಲೂಕು ಕಚೇರಿಯ ಒಂದು ಆದೇಶವನ್ನು ಸಮರ್ಥಿಸಬೇಕೇ, ಬದಲಿಸಲು ಒಪ್ಪಬೇಕೇ ಎಂಬ ಪ್ರಶ್ನೆ ರಾಜ್ಯದ ಅತ್ಯುನ್ನತ ಕಾನೂನು ಅಧಿಕಾರಿಯವರೆಗೆ ಹೋಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಸಂವಿಧಾನ ಹೇಳುವುದೇನು?

ಸಂವಿಧಾನದ 165ನೇ ವಿಧಿಯ ಪ್ರಕಾರ ಅಡ್ವೊಕೇಟ್ ಜನರಲ್ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಹೈಕೋರ್ಟ್ ನ್ಯಾಯಮೂರ್ತಿಯಾಗಲು ಬೇಕಾದ ಅರ್ಹತೆ ಅವರಿಗಿರಬೇಕು. ಅಧಿಕಾರಾವಧಿ ನಿಗದಿಯಾಗಿಲ್ಲ, ರಾಜ್ಯಪಾಲರ ಇಚ್ಛೆ ಇರುವವರೆಗೆ ಅವರು ಹುದ್ದೆಯಲ್ಲಿರುತ್ತಾರೆ. ರಾಜ್ಯಪಾಲರು ಸಚಿವ ಸಂಪುಟದ ಸಲಹೆಯಂತೆ ನಡೆಯುವುದರಿಂದ ಆಯ್ಕೆ ವಾಸ್ತವದಲ್ಲಿ ಸರ್ಕಾರದ್ದೇ. 177ನೇ ವಿಧಿಯ ಅನ್ವಯ ಅವರು ವಿಧಾನಮಂಡಲದ ಉಭಯ ಸದನಗಳಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ.

ಹೀಗಾಗಿ ಸರ್ಕಾರ ಬದಲಾದಾಗ ಅಡ್ವೊಕೇಟ್ ಜನರಲ್ ಬದಲಾಗುವುದು ವಾಡಿಕೆ. 2018ರಲ್ಲಿ ಸಮ್ಮಿಶ್ರ ಸರ್ಕಾರ ಬಂದಾಗ ಉದಯ ಹೊಳ್ಳ, 2019ರಲ್ಲಿ ಬಿಜೆಪಿ ಸರ್ಕಾರ ಬಂದಾಗ ಪ್ರಭುಲಿಂಗ ನಾವದಗಿ, 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗ ಶಶಿಕಿರಣ ಶೆಟ್ಟಿ ನೇಮಕಗೊಂಡರು. ಜಿಲ್ಲಾ ಮಟ್ಟದ ಸರ್ಕಾರಿ ವಕೀಲರೂ ಚುನಾಯಿತರಲ್ಲ. 1977ರ ಕರ್ನಾಟಕ ಕಾನೂನು ಅಧಿಕಾರಿಗಳ ನಿಯಮಗಳ ಅಡಿಯಲ್ಲಿ ಅವರನ್ನು ಸರ್ಕಾರವೇ ನೇಮಿಸುತ್ತದೆ.

ಅಮೆರಿಕದ ಮಾದರಿ

ಅಮೆರಿಕದ 50 ರಾಜ್ಯಗಳ ಪೈಕಿ 43ರಲ್ಲಿ ಜನರೇ ಅಟಾರ್ನಿ ಜನರಲ್ ಅವರನ್ನು ಆರಿಸುತ್ತಾರೆ. ಐದು ರಾಜ್ಯಗಳಲ್ಲಿ ಗವರ್ನರ್, ಮೇನ್‌ನಲ್ಲಿ ಶಾಸಕಾಂಗ, ಟೆನೆಸಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಆಯ್ಕೆ ಮಾಡುತ್ತದೆ. ಚುನಾಯಿತ ಅಟಾರ್ನಿ ಜನರಲ್ ಗವರ್ನರ್‌ಗೆ ಅಧೀನರಲ್ಲ. ಅವರದೇ ಪಕ್ಷದವರಾಗಿರಬೇಕೆಂದೂ ಇಲ್ಲ. 1998ರಲ್ಲಿ 46 ರಾಜ್ಯಗಳ ಅಟಾರ್ನಿ ಜನರಲ್‌ಗಳು ಒಗ್ಗೂಡಿ ದೊಡ್ಡ ತಂಬಾಕು ಕಂಪೆನಿಗಳಿಂದ ಭಾರೀ ಮೊತ್ತದ ಪರಿಹಾರಕ್ಕೆ ಒಪ್ಪಂದ ಮಾಡಿಕೊಂಡದ್ದು ಈ ಹುದ್ದೆಯ ಶಕ್ತಿಗೆ ಸಾಕ್ಷಿ.

ಇದಕ್ಕೆ ಇನ್ನೊಂದು ಮುಖವೂ ಇದೆ. ಚುನಾವಣೆ ಎಂದ ಮೇಲೆ ಪಕ್ಷದ ಟಿಕೆಟ್, ಪ್ರಚಾರ, ದೇಣಿಗೆ ಎಲ್ಲವೂ ಬರುತ್ತವೆ. ಹುದ್ದೆ ರಾಜಕೀಯ ಏಣಿಯ ಮೆಟ್ಟಿಲೂ ಆಗುತ್ತದೆ. 2010 ಮತ್ತು 2014ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿ ಗೆದ್ದ ಕಮಲಾ ಹ್ಯಾರಿಸ್ 2016ರಲ್ಲಿ ಸೆನೆಟ್‌ಗೆ ಆಯ್ಕೆಯಾದರು, 2021ರಲ್ಲಿ ಉಪಾಧ್ಯಕ್ಷರಾದರು. ಸಿಮೆಂಟ್ ಕಾರ್ಖಾನೆಗಳೂ ಕಲ್ಲು ಗಣಿಗಳೂ ಇರುವ ಸೇಡಂ, ವಾಡಿ, ಶಹಾಬಾದ್‌ನಂಥ ಪ್ರದೇಶದಲ್ಲಿ ಇಂಥ ಚುನಾವಣೆ ನಡೆದರೆ ಅಭ್ಯರ್ಥಿಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೂ ಏಳದೆ ಇರದು.

ವಕೀಲರಿಗಷ್ಟೇ ಮತ

ಕರ್ನಾಟಕದ ಕಾನೂನು ಕ್ಷೇತ್ರದಲ್ಲಿ ರಾಜ್ಯವ್ಯಾಪಿ ಚುನಾವಣೆ ನಡೆಯುವುದು ರಾಜ್ಯ ವಕೀಲರ ಪರಿಷತ್ತಿಗೆ. 1961ರ ವಕೀಲರ ಕಾಯ್ದೆಯಂತೆ ಪ್ರಾಶಸ್ತ್ಯ ಮತಗಳ ಮೂಲಕ 25 ಸದಸ್ಯರು ಆಯ್ಕೆಯಾಗುತ್ತಾರೆ. ಚಿಂಚೋಳಿಯ ವಕೀಲರ ಮತಕ್ಕೂ ಬೆಂಗಳೂರಿನ ವಕೀಲರ ಮತಕ್ಕೂ ಬೆಲೆ ಒಂದೇ. ಆದರೆ ಆ ಪರಿಷತ್ತಿನಲ್ಲಿಯೂ ಅಡ್ವೊಕೇಟ್ ಜನರಲ್ ಚುನಾವಣೆಯಿಲ್ಲದೆ ಪದನಿಮಿತ್ತ ಸದಸ್ಯರಾಗಿರುತ್ತಾರೆ.

ನಾಗರಿಕರಿಗಿರುವ ದಾರಿ

ಮತದ ಹಕ್ಕು ಇಲ್ಲವೆಂದ ಮಾತ್ರಕ್ಕೆ ಜನಸಾಮಾನ್ಯರಿಗೆ ಬಾಗಿಲು ಮುಚ್ಚಿದೆ ಎಂದರ್ಥವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಪ್ರಕಾರ ಸಾರ್ವಜನಿಕ ಉಪದ್ರವದ ವಿರುದ್ಧ ಅಡ್ವೊಕೇಟ್ ಜನರಲ್ ದಾವೆ ಹೂಡಬಹುದು. ಅವರು ಮುಂದಾಗದಿದ್ದರೆ ಇಬ್ಬರು ಅಥವಾ ಹೆಚ್ಚು ನಾಗರಿಕರು ನ್ಯಾಯಾಲಯದ ಅನುಮತಿ ಪಡೆದು ತಾವೇ ದಾವೆ ಹೂಡಲು ಅವಕಾಶವಿದೆ. ತಮಗೆ ವೈಯಕ್ತಿಕವಾಗಿ ವಿಶೇಷ ಹಾನಿಯಾಗಿದೆ ಎಂದು ಅವರು ತೋರಿಸಬೇಕಿಲ್ಲ. ಊರಿಗೆಲ್ಲ ತೊಂದರೆ ಕೊಡುವ ಧೂಳು, ಹೊಗೆ ಅಥವಾ ಕೊಳಚೆ ನೀರಿನಂಥ ವಿಷಯಗಳಲ್ಲಿ ಈ ಕಲಂ ಉಪಯುಕ್ತ. ಸಾರ್ವಜನಿಕ ದತ್ತಿಗಳ ದುರಾಡಳಿತ ಕುರಿತು 92ನೇ ಕಲಂನಲ್ಲಿಯೂ ಇಂಥದೇ ಅವಕಾಶವಿದೆ. ಸರ್ಕಾರದ ಪೂರ್ವಾನುಮತಿ ಇದ್ದರೆ ಅಡ್ವೊಕೇಟ್ ಜನರಲ್ ಅವರ ಈ ಅಧಿಕಾರವನ್ನು ಜಿಲ್ಲಾಧಿಕಾರಿಯೂ ಚಲಾಯಿಸಬಹುದೆಂದು 93ನೇ ಕಲಂ ಹೇಳುತ್ತದೆ.

ದೂರದ ಅಂತರವೂ ಈಗ ಮೊದಲಿನಷ್ಟಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಕಲಬುರಗಿ ಪೀಠ 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಹೈಕೋರ್ಟಿನ ಪ್ರತಿ ಪ್ರಕರಣಕ್ಕೂ ಈ ಭಾಗದವರು ಬೆಂಗಳೂರಿಗೇ ಹೋಗಬೇಕಿತ್ತು.

ಅಡ್ವೊಕೇಟ್ ಜನರಲ್ ಸರ್ಕಾರಕ್ಕೆ, ಸರ್ಕಾರ ವಿಧಾನಸಭೆಗೆ, ವಿಧಾನಸಭೆ ಮತದಾರರಿಗೆ ಉತ್ತರ ಕೊಡಬೇಕು ಎಂಬುದು ನಮ್ಮ ವ್ಯವಸ್ಥೆಯ ಆಧಾರ. ರಾಜ್ಯದ ವಕೀಲರು ನ್ಯಾಯಾಲಯದಲ್ಲಿ ತಮ್ಮ ಊರಿನ ವಿಷಯದಲ್ಲಿ ಯಾವ ನಿಲುವು ತಳೆದರು ಎಂದು ಸೇಡಂ, ಚಿತ್ತಾಪುರ ಅಥವಾ ಚಿಂಚೋಳಿಯ ಮತದಾರರು ಕೇಳಬೇಕಾದದ್ದು ತಮ್ಮ ಶಾಸಕರನ್ನು. ಆ ಪ್ರಶ್ನೆ ಕೇಳದೆ ಉಳಿದರೆ, ಈ ಹುದ್ದೆಯ ಉತ್ತರದಾಯಿತ್ವ ಸಂವಿಧಾನದ ಪುಟಗಳಲ್ಲಷ್ಟೇ ಉಳಿಯುತ್ತದೆ.