ನಿಮಗಿದು ಗೊತ್ತೆ? ಮೌಂಟನ್ ಬೈಕಿಗಿಂತ ಅದರ ಹಕ್ಕೇ ಹಿರಿದು!

ಇಂಗ್ಲೆಂಡಿನ ಹಳ್ಳಿಗಾಡಿನ ಹಾದಿಗಳಲ್ಲಿ ಮೌಂಟನ್ ಬೈಕ್ ಸವಾರರು ಇಂದು ಅನುಭವಿಸುವ ಹಕ್ಕು, ಆ ಬೈಕು ಹುಟ್ಟುವ ಮೊದಲೇ ಶಾಸನವಾಗಿತ್ತು. ನಡೆಯುವವರಿಗೂ ಕುದುರೆ ಸವಾರರಿಗೂ ಮುಕ್ತವಾಗಿದ್ದ 'ಬ್ರೈಡಲ್‌ವೇ' ಎಂಬ ಸಾರ್ವಜನಿಕ ಹಾದಿಗಳಲ್ಲಿ ಸೈಕಲ್ ತುಳಿಯಲು ಅವಕಾಶ ಕೊಟ್ಟದ್ದು 1968ರ ಗ್ರಾಮಾಂತರ ಕಾಯ್ದೆಯ 30ನೆಯ ಕಲಂ. ಒರಟು ನೆಲಕ್ಕೆಂದೇ ದಪ್ಪ ಟೈರು ತೊಡಿಸಿದ ಮೌಂಟನ್ ಬೈಕು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡದ್ದು 1970ರ ದಶಕದಲ್ಲಿ.

ಹಕ್ಕು ಉದಾರವಾದರೂ ಷರತ್ತು ಬಿಗಿಯಾಗಿದೆ. ಸೈಕಲ್ ಸವಾರರು ಪಾದಚಾರಿಗಳಿಗೂ ಕುದುರೆಗಳಿಗೂ ದಾರಿ ಬಿಡಲೇಬೇಕು. ಅಲ್ಲದೆ ಸೈಕಲ್ಲಿಗೆ ಅನುಕೂಲವಾಗುವಂತೆ ಹಾದಿಯನ್ನು ಸರಿಪಡಿಸುವ ಹೊಣೆಯನ್ನು ಆ ಕಲಂ ಯಾರ ಮೇಲೂ ಹೊರಿಸಿಲ್ಲವಾದ್ದರಿಂದ, ಕೆಸರು ಗುಂಡಿಗಳ ಬಗ್ಗೆ ಸವಾರರು ದೂರುವುದು ವ್ಯರ್ಥ. ಹಾದಿಯ ಗುರುತಿನ ಕಂಬದ ಮೇಲೆ ನೀಲಿ ಬಾಣವಿದ್ದರೆ ಅದು ಬ್ರೈಡಲ್‌ವೇ, ಹಳದಿಯಿದ್ದರೆ ಸೈಕಲ್ಲಿಗೆ ಈ ಹಕ್ಕಿಲ್ಲದ ಕಾಲುದಾರಿ. ಕಾಲುದಾರಿಯಲ್ಲಿ ಅನುಮತಿಯಿಲ್ಲದೆ ಸೈಕಲ್ ಓಡಿಸುವುದು ಸಾಮಾನ್ಯವಾಗಿ ಅಪರಾಧವೆನಿಸದೆ, ಜಮೀನಿನ ಒಡೆಯರು ಸಿವಿಲ್ ದಾವೆ ಹೂಡಬಹುದಾದ ಅತಿಕ್ರಮ ಪ್ರವೇಶವೆನಿಸುತ್ತದೆ.

ಈ ಕಾಯ್ದೆಯ ದೊಡ್ಡ ಫಲವನ್ನು ದಕ್ಷಿಣ ಇಂಗ್ಲೆಂಡಿನಲ್ಲಿ ಕಾಣಬಹುದು. ವಿಂಚೆಸ್ಟರ್ ನಗರದಿಂದ ಕಡಲತೀರದ ಈಸ್ಟ್‌ಬೋರ್ನ್‌ವರೆಗೆ, ಬಿಳಿಯ ಸೀಮೆಸುಣ್ಣದ ಕಲ್ಲಿನ ದಿಬ್ಬಗಳ ನೆತ್ತಿಯ ಮೇಲೆ ಸಾಗುವ 'ಸೌತ್ ಡೌನ್ಸ್ ವೇ' ಸುಮಾರು 160 ಕಿ.ಮೀ. ಉದ್ದವಿದ್ದು, ಅದನ್ನು ತುದಿಯಿಂದ ತುದಿಗೆ ಸೈಕಲ್ಲಿನಲ್ಲಿ ಕ್ರಮಿಸಬಹುದು. ಏರಿಳಿತಗಳು ಬಹುಪಾಲು ಸೌಮ್ಯವೇ, ಆದರೆ ಮಳೆ ಬಿದ್ದರೆ ಆ ಬಿಳಿ ನೆಲ ಸಾಬೂನಿನಂತೆ ಜಾರುತ್ತದೆ.