ಕಡಸು ಒಡೆದ ಕನ್ನಡಿ

ನಮ್ಮ ಕಡಸಿಗೆ ಕತ್ತು ತುರಿಸಿಕೊಳ್ಳೋಕೆ ಕಂಬ, ಗೋಡೆ, ತೆಂಗಿನ ಮರ ಎಲ್ಲ ಇವೆ. ಅದಕ್ಕೆ ಬೇಕಾಗಿದ್ದು ಮಾತ್ರ ನನ್ನ ಹಳೇ ಮಾರುತಿ ವ್ಯಾನಿನ ಎಡಗಡೆ ಕನ್ನಡಿ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಾಜು ಮೂರು ಚೂರು.

‘ಬಲಗಡೆದು ಇದೆ, ಒಳಗಿನದೂ ಇದೆ, ಸಾಕು ಬಿಡು’ ಅಂತ ಹಾಗೇ ಓಡಿಸಿದೆ. ಹದಿನೈದು ದಿನ ಏನೂ ಆಗಲಿಲ್ಲ. ಗೂಡು ಬಿಡಿಸಿ ರಾಮನಗರ ಮಾರುಕಟ್ಟೆಗೆ ಹೊರಟ ದಿನ ಗೊತ್ತಾಯಿತು. ಗೂಡನ್ನು ಅದುಮಿ ತುಂಬುವ ಹಾಗಿಲ್ಲ, ಬಿಸಿಯಾಗಿ ಬೆವರಿ ಕೆಡುತ್ತದೆ. ಸಡಿಲವಾಗಿ ತುಂಬಿದ ಚೀಲಗಳು ವ್ಯಾನಿನ ಚಾವಣಿ ಮುಟ್ಟಿದ್ದವು. ಒಳಗಿನ ಕನ್ನಡಿಯಲ್ಲಿ ಕಾಣುವುದು ಚೀಲ ಒಂದೇ!

ಚನ್ನಪಟ್ಟಣ ಬಿಟ್ಟು ಸರ್ವೀಸ್ ರಸ್ತೆಯಲ್ಲಿ ಬರುತ್ತಿದ್ದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ನಡುವಿನ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬರಬಾರದೆಂದು ಮಾಡಿದ ಮೇಲೆ ಅವೆಲ್ಲ ಈ ಪಕ್ಕದ ರಸ್ತೆಗೇ ಬಂದಿವೆ. ಟೀ ಕುಡಿಯೋಣ ಅಂತ ಎಡಕ್ಕೆ ಎಳೆದೆ. ಕಿರ್ರನೆ ಬ್ರೇಕ್ ಸದ್ದು. ಸ್ಕೂಟರಿನವನು ಮಣ್ಣಿಗೆ ಇಳಿದು ಹೇಗೋ ನಿಂತಿದ್ದ. ಹಿಂದೆ ಯೂನಿಫಾರಂ ಹಾಕಿದ ಮಗಳು.

‘ಕನ್ನಡಿ ಎಲ್ಲಣ್ಣ ನಿಂದು?’ ಅಂದ. ಬೈಯಲಿಲ್ಲ, ಅಷ್ಟೇ ಕೇಳಿದ. ಆ ದಿನ ಗೂಡಿಗೆ ಏನು ರೇಟು ಸಿಕ್ಕಿತು ಅಂದರೆ ಈಗ ಹೇಳಲಾರೆ. ಆ ಮಗು ಅಪ್ಪನ ಅಂಗಿ ಹಿಡಿದುಕೊಂಡಿದ್ದ ರೀತಿ ಮಾತ್ರ ಮರೆತಿಲ್ಲ.

ಪೂರ್ತಿ ಕನ್ನಡಿಯನ್ನೇ ಬದಲಿಸೋಣವೆಂದರೆ ಸ್ಕ್ರೂ ತುಕ್ಕು ಹಿಡಿದು ತಲೆ ಸವೆದಿತ್ತು. ಗಾಜು ಮಾತ್ರ ಹಾಕುವುದೆಂದು ತೀರ್ಮಾನ. ಒಡೆದ ಗಾಜಿನ ಮೇಲೆ ಅಗಲವಾದ ಪ್ಯಾಕಿಂಗ್ ಟೇಪು ಅಂಟಿಸಿಕೊಂಡೆ, ಚೂರು ಉದುರಬಾರದಲ್ಲ. ಮಧ್ಯಾಹ್ನದ ಬಿಸಿಲಿಗೆ ವ್ಯಾನು ನಿಲ್ಲಿಸಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದರೆ ಹಳೇ ಅಂಟು ಸಡಿಲವಾಗುತ್ತದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಅಂಚಿನಿಂದ ಮೆಲ್ಲಗೆ ಎಬ್ಬಿಸಿದೆ. ಚೂರುಗಳನ್ನು ದಯವಿಟ್ಟು ತಿಪ್ಪೆಗೆ ಎಸೆಯಬೇಡಿ. ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ನಮ್ಮ ಕಾಲಿಗೇ ಚುಚ್ಚುವುದು. ಡಬ್ಬಕ್ಕೆ ಹಾಕಿ ಮುಚ್ಚಿಟ್ಟೆ.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ರಟ್ಟಿನ ಮೇಲೆ ಅಳತೆ ಬರೆದುಕೊಂಡು ಫೋಟೋ ಫ್ರೇಮ್ ಅಂಗಡಿಗೆ ಹೋಗಿ ಮನೆಯ ಕನ್ನಡಿ ಗಾಜನ್ನೇ ಕತ್ತರಿಸಿಕೊಂಡು ಬಂದೆ. ಅಗ್ಗ, ಅಚ್ಚುಕಟ್ಟಾಗಿ ಕೂತೂ ಬಿಟ್ಟಿತು. ಮಗನಿಗೆ ಸೈಕಲ್ ತಳ್ಳಿಕೊಂಡು ಎಡಗಡೆಯಿಂದ ಬಾ ಅಂದೆ. ವ್ಯಾನಿನ ಹಿಂದಿನ ಚಕ್ರದ ಹತ್ತಿರ ಬರುವ ಮೊದಲೇ ಸೈಕಲ್ಲು ಮಾಯ! ಮನೆಯ ಗಾಜು ಚಪ್ಪಟೆ. ಹಳೆಯದು ನಡುವೆ ಸ್ವಲ್ಪ ಉಬ್ಬಿದ ಗಾಜು. ಉಬ್ಬಿದ್ದರೆ ಹೆಚ್ಚು ಅಗಲ ಕಾಣುತ್ತದೆ. ಗುರುತಿಸುವುದು ಸುಲಭ, ಮಕ್ಕಳ ಸ್ಕೇಲನ್ನು ಗಾಜಿನ ಮೇಲೆ ಅಂಚಾಗಿ ನಿಲ್ಲಿಸಿ. ಚಪ್ಪಟೆಯಾದರೆ ಉದ್ದಕ್ಕೂ ತಾಗುತ್ತದೆ, ಉಬ್ಬಿದ್ದರೆ ನಡುವೆ ತಾಗಿ ಎರಡೂ ತುದಿ ಎದ್ದಿರುತ್ತದೆ.

ಮತ್ತೆ ಬಿಚ್ಚಿ, ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಉಬ್ಬಿದ ಗಾಜು ತಂದೆ. ನಮ್ಮಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಹಳೇ ಗಾಜಿನ ಚೂರೊಂದನ್ನು ಕಾಗದದಲ್ಲಿ ಸುತ್ತಿ ಒಯ್ದರೆ ಮಾತು ಕಡಿಮೆ. ಅಂಟು ಕೊಳ್ಳುವಾಗಲೂ ಹುಷಾರು. ಹುಳಿ ವಾಸನೆ, ಅಂದರೆ ವಿನಿಗರ್ ವಾಸನೆ ಬರುವ ಸಿಲಿಕಾನ್ ಕನ್ನಡಿಯ ಹಿಂದಿನ ಲೇಪವನ್ನು ತಿನ್ನುತ್ತದೆ, ಕೆಲ ತಿಂಗಳಲ್ಲಿ ಕಪ್ಪು ಚುಕ್ಕೆ ಏಳುತ್ತವೆ. ಕನ್ನಡಿಗೆ ಆಗುವ ‘ನ್ಯೂಟ್ರಲ್’ ಸಿಲಿಕಾನ್ ಕೇಳಿ. ಹಿಂದಿನ ಪ್ಲಾಸ್ಟಿಕ್ ತಟ್ಟೆಯ ಹಳೇ ಅಂಟನ್ನು ಕೆರೆದು, ಸೋಪುನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿದ ಮೇಲೆ ನಾಲ್ಕೈದು ಬೊಟ್ಟು ಇಟ್ಟರೆ ಸಾಕು. ಒಂದು ಇಡೀ ದಿನ ಟೇಪು ಸುತ್ತಿ ಬಿಟ್ಟೆ. ಕವಚದ ತಳದಲ್ಲಿ ನೀರು ಹೋಗುವ ತೂತಿದ್ದರೆ ಅದನ್ನು ಮುಚ್ಚಬೇಡಿ.

ಉಬ್ಬಿದ ಗಾಜಿಗೂ ಒಂದು ಮೋಸವಿದೆ. ಹಿಂದಿನ ವಾಹನ ಚಿಕ್ಕದಾಗಿ, ದೂರ ಇದ್ದಂತೆ ಕಾಣುತ್ತದೆ, ಆದರೆ ಹತ್ತಿರವೇ ಬಂದಿರುತ್ತದೆ. ಮಗನನ್ನು ಮತ್ತೆ ಸೈಕಲ್ ಜೊತೆ ನಡೆಸಿ, ಎಷ್ಟು ದೂರಕ್ಕೆ ಎಷ್ಟು ಗಾತ್ರ ಕಾಣುತ್ತದೆ ಅಂತ ಕಣ್ಣಿಗೆ ರೂಢಿ ಮಾಡಿಕೊಂಡೆ. ಮೂರನೇ ಸಲ ಅವನು ‘ಅಪ್ಪಾ, ಇನ್ನೆಷ್ಟು ಸಲ?’ ಅಂತ ಗೊಣಗಿದ. ಆದರೂ ಎಡಕ್ಕೆ ತಿರುಗುವ ಮುಂಚೆ ಕತ್ತು ತಿರುಗಿಸಿ ನೋಡುವುದನ್ನು ಬಿಟ್ಟಿಲ್ಲ.

ಕಡಸನ್ನು ಈಗ ಹಿತ್ತಲಲ್ಲಿ ಕಟ್ಟುತ್ತೇವೆ. ಗೂಟ ಒಂದು ಸಲ ಕಿತ್ತುಕೊಂಡು ಬಂದಿತ್ತು, ನಮ್ಮವಳು ನೋಡಿ ಓಡಿಸಿದಳು.