ಕುಟುಂಬ ವೈದ್ಯರಿಗೆ ಒಂದು ವರ್ಷದ ‘ತುರ್ತು’ ಪಾಠ

ಹೃದಯದ ಬಡಿತ ನಿಂತರೆ ಮಿದುಳಿಗೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿಂದ ನಾಲ್ಕೈದು ನಿಮಿಷಗಳಲ್ಲೇ ಮಿದುಳಿನ ಜೀವಕೋಶಗಳು ಹಾಳಾಗತೊಡಗುತ್ತವೆ. ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: ‘ಹಾಗಾದರೆ ದೊಡ್ಡ ಆಸ್ಪತ್ರೆ ಇಲ್ಲದ ಊರಿನವರ ಗತಿ ಏನು ಸಾರ್?’

ಪ್ರಶ್ನೆ ಚಿಕ್ಕದು, ಉತ್ತರ ಸುಲಭವಲ್ಲ. ಪ್ರತಿ ಊರಿಗೂ ಒಬ್ಬೊಬ್ಬ ತುರ್ತು ಚಿಕಿತ್ಸಾ ತಜ್ಞರನ್ನು ನೇಮಿಸಲು ಜಗತ್ತಿನ ಯಾವ ಶ್ರೀಮಂತ ರಾಷ್ಟ್ರಕ್ಕೂ ಸಾಧ್ಯವಾಗಿಲ್ಲ. ಈ ಸಮಸ್ಯೆಗೆ ಕೆನಡಾ ಕಂಡುಕೊಂಡ ದಾರಿಯೊಂದು ವೈದ್ಯರಾಗಬಯಸುವ ಮಕ್ಕಳೂ ಅವರ ಪೋಷಕರೂ ತಿಳಿದುಕೊಳ್ಳಬೇಕಾದದ್ದು. ಅಲ್ಲಿನ ಸೀಟು ಹಂಚಿಕೆಯ ಹಿಂದಿರುವ ಗಣಿತವಂತೂ ನಮ್ಮ ಸಿಇಟಿ ಬರೆಯುವವರಿಗೂ ಪಾಠ ಹೇಳುವಂತಿದೆ.

ಎರಡು ದಾರಿಗಳು

ಕೆನಡಾದ ವಿಸ್ತೀರ್ಣ ಕರ್ನಾಟಕದ 50 ಪಟ್ಟಿಗೂ ಹೆಚ್ಚು. ಜನಸಂಖ್ಯೆಯಾದರೋ ನಮ್ಮ ರಾಜ್ಯಕ್ಕಿಂತ ಕಡಿಮೆ, ಸುಮಾರು 4 ಕೋಟಿ. ಹಿಮ ಸುರಿಯುವ ಉತ್ತರದ ಅನೇಕ ಊರುಗಳಿಂದ ದೊಡ್ಡ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರ. ಇಂಥ ಕಡೆ ಸಣ್ಣ ಆಸ್ಪತ್ರೆಗಳ ತುರ್ತು ವಿಭಾಗವನ್ನು ನೋಡಿಕೊಳ್ಳುವವರು ಬಹುಪಾಲು ಕುಟುಂಬ ವೈದ್ಯರೇ. ಬೆಳಿಗ್ಗೆ ಮಗುವಿಗೆ ಲಸಿಕೆ ಹಾಕಿದ ವೈದ್ಯರೇ ರಾತ್ರಿ ಅಪಘಾತಕ್ಕೊಳಗಾದವರ ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕಾಗಿ ಬರಬಹುದು.

1980ರ ದಶಕದ ಆರಂಭದಲ್ಲಿ ಅಲ್ಲಿ ತುರ್ತು ಚಿಕಿತ್ಸೆಗೆ ಎರಡು ಬೇರೆ ಬೇರೆ ಅರ್ಹತೆಗಳು ರೂಪುಗೊಂಡವು. ಮೊದಲನೆಯದು ತಜ್ಞ ವೈದ್ಯರ ರಾಯಲ್ ಕಾಲೇಜಿನ ಐದು ವರ್ಷಗಳ ತರಬೇತಿ. ಎರಡನೆಯದು ಕೆನಡಾದ ಕುಟುಂಬ ವೈದ್ಯರ ಕಾಲೇಜಿನದು. ಎರಡು ವರ್ಷ ಕುಟುಂಬ ವೈದ್ಯಕೀಯ, ಅದರ ಮೇಲೆ ಒಂದು ವರ್ಷ ತುರ್ತು ಚಿಕಿತ್ಸೆ. ಜನರ ಬಾಯಲ್ಲಿ ಇದು ‘ಎರಡು ಪ್ಲಸ್ ಒಂದು’. ಒಂದು ವರ್ಷದ ತರಬೇತಿ ಮುಗಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸಿಸಿಎಫ್‌ಪಿ-ಇಎಂ ಎಂಬ ಬಿರುದು ದೊರೆಯುತ್ತದೆ.

ಕುಟುಂಬ ವೈದ್ಯಕೀಯದ ತರಬೇತಿಯನ್ನೇ ಎಲ್ಲರಿಗೂ ಮೂರು ವರ್ಷ ಮಾಡಬೇಕೆಂಬ ಪ್ರಸ್ತಾವವೂ ಬಂದಿತ್ತು. ಸದಸ್ಯರ ವಿರೋಧದಿಂದ 2023ರಲ್ಲಿ ಅದನ್ನು ಕೈಬಿಡಲಾಯಿತು. ಹಾಗಾಗಿ ಎರಡು ವರ್ಷದ ಮೂಲ ತರಬೇತಿ, ಬೇಕಾದವರಿಗೆ ಇನ್ನೊಂದು ವರ್ಷ ಎಂಬ ಕ್ರಮವೇ ಉಳಿದಿದೆ.

ಆ ಒಂದು ವರ್ಷದಲ್ಲಿ ಏನೇನು?

ವರ್ಷದ ದೊಡ್ಡ ಭಾಗ ತುರ್ತು ವಿಭಾಗದಲ್ಲೇ ಕಳೆಯುತ್ತದೆ. ಜೊತೆಗೆ ತೀವ್ರ ನಿಗಾ ಘಟಕ, ಅರಿವಳಿಕೆ, ಅಪಘಾತ ಚಿಕಿತ್ಸೆ, ಮೂಳೆ ವಿಭಾಗ, ಮಕ್ಕಳ ತುರ್ತು ವಿಭಾಗಗಳಲ್ಲಿ ಸರದಿ ಇರುತ್ತದೆ. ಹಾಸಿಗೆಯ ಪಕ್ಕದಲ್ಲೇ ನಿಂತು ಅಲ್ಟ್ರಾಸೌಂಡ್ ಹಿಡಿದು ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂದು ನೋಡುವುದು, ವಿಷ ಸೇವಿಸಿದವರಿಗೆ ಪ್ರತಿವಿಷ ನಿರ್ಧರಿಸುವುದು, ಲಯ ತಪ್ಪಿ ಅದುರುವ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವುದು, ಇವೆಲ್ಲ ಕೈಗೆ ಕೂರಬೇಕು.

ಇದಕ್ಕಿಂತ ಕಷ್ಟದ ವಿದ್ಯೆ ಇನ್ನೊಂದಿದೆ: ಯಾರನ್ನು ಮೊದಲು ನೋಡಬೇಕು ಎಂಬ ನಿರ್ಧಾರ. ಕೆನಡಾದಲ್ಲಿ 1999ರಿಂದ ಬಳಕೆಗೆ ಬಂದ ಮಾನದಂಡವೊಂದು ರೋಗಿಗಳನ್ನು ಐದು ಹಂತಗಳಲ್ಲಿ ವಿಂಗಡಿಸುತ್ತದೆ. ಮೊದಲ ಹಂತದವರನ್ನು ತಕ್ಷಣ, ಎರಡನೆಯವರನ್ನು 15 ನಿಮಿಷದೊಳಗೆ, ಮೂರನೆಯವರನ್ನು 30 ನಿಮಿಷದೊಳಗೆ ವೈದ್ಯರು ನೋಡಬೇಕೆಂಬುದು ಗುರಿ. ನಾಲ್ಕು ಮತ್ತು ಐದನೇ ಹಂತಕ್ಕೆ ಒಂದು ಗಂಟೆ, ಎರಡು ಗಂಟೆ. ಮೊದಲು ಬಂದವರಿಗೆ ಮೊದಲು ಎಂಬ ಸರದಿಯ ನ್ಯಾಯ ಇಲ್ಲಿ ನಡೆಯದು.

ಅರ್ಜಿ ಎಂದರೆ ಅಂಕಪಟ್ಟಿಯಷ್ಟೇ ಅಲ್ಲ

ಕೆನಡಾದಲ್ಲಿ ರೆಸಿಡೆನ್ಸಿ ತರಬೇತಿ ಜುಲೈ 1ಕ್ಕೆ ಆರಂಭ. ತುರ್ತು ಚಿಕಿತ್ಸೆಯ ಮೂರನೇ ವರ್ಷ ಬಯಸುವವರು ಕುಟುಂಬ ವೈದ್ಯಕೀಯದ ಎರಡನೇ ವರ್ಷದ ಶರತ್ಕಾಲದಲ್ಲೇ ಅರ್ಜಿ ಹಾಕಬೇಕು. ಲೆಕ್ಕ ಹಾಕಿ ನೋಡಿ: ತರಬೇತಿಗೆ ಸೇರಿ ಹದಿನೈದು ತಿಂಗಳ ಆಸುಪಾಸಿನಲ್ಲೇ ಅರ್ಜಿ ಸಿದ್ಧವಿರಬೇಕು. ಮನಸ್ಸು ಮಾಡುವುದನ್ನು ಕೊನೆಗೆ ಇಟ್ಟುಕೊಂಡರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಅರ್ಜಿಯ ಜೊತೆ ಸ್ವವಿವರ, ತಾವೇಕೆ ಈ ಕ್ಷೇತ್ರ ಬಯಸುತ್ತೇವೆ ಎಂದು ಬರೆದ ಪತ್ರ, ಕೆಲಸವನ್ನು ಕಣ್ಣಾರೆ ಕಂಡ ಹಿರಿಯ ವೈದ್ಯರ ಶಿಫಾರಸು ಪತ್ರಗಳು ಇರಬೇಕು. ಆಮೇಲೆ ಸಂದರ್ಶನ. ಇಲ್ಲಿ ಶಿಫಾರಸು ಎಂದರೆ ಪರಿಚಯಸ್ಥರ ವಶೀಲಿ ಅಲ್ಲ. ರಾತ್ರಿ ಎರಡು ಗಂಟೆಗೆ ಮೂವರು ರೋಗಿಗಳು ಒಟ್ಟಿಗೆ ಬಂದಾಗ ಈ ವೈದ್ಯ ಹೇಗೆ ನಡೆದುಕೊಂಡ, ದಾದಿಯರ ಮಾತಿಗೆ ಕಿವಿಗೊಟ್ಟನೇ, ತನಗೆ ತಿಳಿಯದ್ದನ್ನು ತಿಳಿಯದೆಂದು ಹೇಳಿ ಸಹಾಯ ಕೇಳಿದನೇ ಎಂಬುದರ ಸಾಕ್ಷ್ಯ ಅದು. ಆದ್ದರಿಂದಲೇ ಆಕಾಂಕ್ಷಿಗಳು ತಮಗೆ ಸಿಗುವ ಐಚ್ಛಿಕ ಅವಧಿಯನ್ನು ತುರ್ತು ವಿಭಾಗಗಳಲ್ಲಿ ಕಳೆಯುತ್ತಾರೆ.

ಆಕಾಂಕ್ಷಿಗಳಿಗಿಂತ ಸೀಟು ಕಡಿಮೆ. ಸಿಗದಿದ್ದರೆ ಬದುಕೇನೂ ಮುಳುಗುವುದಿಲ್ಲ. ಎರಡು ವರ್ಷ ಮುಗಿಸಿದವರು ಪೂರ್ಣ ಅರ್ಹತೆಯ ಕುಟುಂಬ ವೈದ್ಯರೇ. ಸಣ್ಣ ಊರಿನ ತುರ್ತು ವಿಭಾಗದಲ್ಲಿ ಕೆಲಸ ಮಾಡಬಹುದು. ಹೀಗೆ ವರ್ಷಗಟ್ಟಲೆ ದುಡಿದು ಅನುಭವ ಗಳಿಸಿದವರು ನೇರವಾಗಿ ಪರೀಕ್ಷೆಗೆ ಕೂರುವ ಇನ್ನೊಂದು ಮಾರ್ಗವನ್ನೂ ಕಾಲೇಜು ಇಟ್ಟುಕೊಂಡಿದೆ.

ಹೊಂದಾಣಿಕೆಯ ಗಣಿತ

ಈಗ ಸ್ವಾರಸ್ಯದ ಭಾಗಕ್ಕೆ ಬರೋಣ. ಅಭ್ಯರ್ಥಿ ತನಗೆ ಬೇಕಾದ ತರಬೇತಿ ಕೇಂದ್ರಗಳ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ಕೊಡುತ್ತಾನೆ. ಕೇಂದ್ರಗಳೂ ಅಭ್ಯರ್ಥಿಗಳನ್ನು ತಮ್ಮ ಕ್ರಮದಲ್ಲಿ ಬರೆದು ಕೊಡುತ್ತವೆ. ಕಾರ್ಮ್ಸ್ ಎಂಬ ಸಂಸ್ಥೆಯ ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ. ಬಂದ ಫಲಿತಾಂಶಕ್ಕೆ ಇಬ್ಬರೂ ಬದ್ಧರು.

ಒಂದು ಸಣ್ಣ ಲೆಕ್ಕ ಮಾಡೋಣ. ಕ, ಖ, ಗ ಎಂಬ ಮೂವರು ಅಭ್ಯರ್ಥಿಗಳು. ಪೂರ್ವ, ಪಶ್ಚಿಮ ಎಂಬ ಎರಡು ಕೇಂದ್ರಗಳು, ತಲಾ ಒಂದು ಸೀಟು. ಕ ಮತ್ತು ಖ ಇಬ್ಬರಿಗೂ ಮೊದಲ ಆಯ್ಕೆ ಪೂರ್ವ. ಗನಿಗೆ ಮೊದಲು ಪಶ್ಚಿಮ. ಪೂರ್ವ ಕೇಂದ್ರದ ಕ್ರಮ ಖ, ಕ, ಗ. ಪಶ್ಚಿಮ ಕೇಂದ್ರದ ಕ್ರಮ ಕ, ಗ, ಖ.

ಮೊದಲು ಕನಿಗೆ ಪೂರ್ವದಲ್ಲಿ ತಾತ್ಕಾಲಿಕವಾಗಿ ಜಾಗ ಸಿಗುತ್ತದೆ. ಬಳಿಕ ಖ ಅಲ್ಲಿಗೆ ಬರುತ್ತಾನೆ. ಪೂರ್ವಕ್ಕೆ ಖ ಹೆಚ್ಚು ಇಷ್ಟ, ಆದ್ದರಿಂದ ಕ ಹೊರಬರುತ್ತಾನೆ. ಅಷ್ಟರಲ್ಲಿ ಗ ಪಶ್ಚಿಮದಲ್ಲಿ ಕೂತಿದ್ದಾನೆ. ಕ ತನ್ನ ಎರಡನೇ ಆಯ್ಕೆಯಾದ ಪಶ್ಚಿಮಕ್ಕೆ ಹೋದಾಗ, ಆ ಕೇಂದ್ರದ ಪಟ್ಟಿಯಲ್ಲಿ ಅವನೇ ಮೇಲಿರುವುದರಿಂದ ಗ ಜಾಗ ಬಿಡಬೇಕಾಗುತ್ತದೆ. ಗ ಪೂರ್ವವನ್ನು ಕೇಳಿದರೂ ಅಲ್ಲಿ ಖ ಮೇಲಿದ್ದಾನೆ. ಕೊನೆಗೆ ಖನಿಗೆ ಪೂರ್ವ, ಕನಿಗೆ ಪಶ್ಚಿಮ, ಗನಿಗೆ ಈ ಸಲ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು ಕನ ಕಥೆ. ಸಿಗದ ಪೂರ್ವವನ್ನು ಮೊದಲು ಬರೆದದ್ದರಿಂದ ಅವನಿಗೆ ಪಶ್ಚಿಮ ತಪ್ಪಲಿಲ್ಲ. ಆಸೆಪಟ್ಟದ್ದಕ್ಕೆ ದಂಡವಿಲ್ಲ. ಈ ವಿಧಾನದ ಮೂಲ, ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ಪ್ರಕಟಿಸಿದ ಒಂದು ಗಣಿತ ಲೇಖನ. ಇದನ್ನು ವೈದ್ಯರ ಹಂಚಿಕೆಗೆ ಒಗ್ಗಿಸಿ ಬೆಳೆಸಿದ ಆಲ್ವಿನ್ ರಾತ್ ಅವರಿಗೂ ಶೇಪ್ಲಿ ಅವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅವರ ಗಣಿತ ಹೇಳುವುದಿಷ್ಟೇ: ಲೆಕ್ಕಾಚಾರ ಬಿಡಿ, ನಿಮಗೆ ನಿಜವಾಗಿ ಬೇಕಾದುದನ್ನು ಬೇಕಾದ ಕ್ರಮದಲ್ಲೇ ಬರೆಯಿರಿ.

ನಮ್ಮ ಸಿಇಟಿಯ ಹಂಚಿಕೆ ಬೇರೆ ರೀತಿಯದು, ಅಲ್ಲಿ ರ‍್ಯಾಂಕ್ ಪ್ರಕಾರ ಸೀಟು. ಆದರೂ ಆಪ್ಷನ್ ಎಂಟ್ರಿಯಲ್ಲಿ ಇದೇ ಮಾತು ನಿಲ್ಲುತ್ತದೆ. ‘ಅದು ಹೇಗೂ ಸಿಗಲ್ಲ, ಮೇಲೆ ಯಾಕೆ ಬರೀತೀಯ?’ ಎಂದು ಪೋಷಕರು ಮಗುವಿನ ಪಟ್ಟಿಯನ್ನು ತಿದ್ದುವುದುಂಟು. ಸಿಗದ ಕಾಲೇಜನ್ನು ಮೇಲೆ ಬರೆದರೆ ನಷ್ಟವಿಲ್ಲ. ಬೇಡದ ಕಾಲೇಜನ್ನು ಮೇಲೆ ಬರೆದರೆ ಮಾತ್ರ ಅದೇ ಕೊರಳಿಗೆ ಬೀಳುತ್ತದೆ.

ಕಷ್ಟದ ಪ್ರಶ್ನೆ

ಈ ವ್ಯವಸ್ಥೆಗೂ ತೊಡಕಿದೆ. ಊರಿನ ವೈದ್ಯರ ಕೈ ಬಲಪಡಿಸಲು ಹುಟ್ಟಿದ ತರಬೇತಿ ಪಡೆದು, ಅನೇಕರು ಕುಟುಂಬ ವೈದ್ಯ ವೃತ್ತಿಯನ್ನೇ ಬಿಟ್ಟು ನಗರದ ತುರ್ತು ವಿಭಾಗಗಳಲ್ಲಿ ಪೂರ್ಣಾವಧಿ ನೆಲೆಸುತ್ತಾರೆ. ನಗರಗಳಿಗೂ ಅವರು ಬೇಕು, ಸುಳ್ಳಲ್ಲ. ಆದರೆ ಲಕ್ಷಾಂತರ ಜನರಿಗೆ ತಮ್ಮದೆನ್ನುವ ಕುಟುಂಬ ವೈದ್ಯರೇ ಇಲ್ಲದ ದೇಶದಲ್ಲಿ ಇದು ಸಣ್ಣ ಚರ್ಚೆಯಲ್ಲ. ನಿಜವಾಗಿ ಏನಾಗಬೇಕೆಂದಿದ್ದೀರಿ, ಐದು ವರ್ಷದ ದಾರಿ ಬಿಟ್ಟು ಇದನ್ನೇಕೆ ಹಿಡಿದಿರಿ ಎಂಬ ಪ್ರಶ್ನೆಯನ್ನು ಅರ್ಜಿದಾರರು ತಮ್ಮನ್ನು ತಾವೇ ಮೊದಲು ಕೇಳಿಕೊಳ್ಳಬೇಕು. ಪತ್ರ ಬರೆಯುವುದು ಆಮೇಲಿನ ಮಾತು.

ನಮ್ಮ ಮಕ್ಕಳಿಗೆ

ಇಲ್ಲಿ ಎಂಬಿಬಿಎಸ್ ಮುಗಿಸಿ ಕೆನಡಾಕ್ಕೆ ಹೋಗಬಯಸುವವರು ಒಂದು ಮಾತು ನೆನಪಿಡಬೇಕು. ಅಲ್ಲಿನ ರೆಸಿಡೆನ್ಸಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಆ ದೇಶದ ಪೌರತ್ವ ಅಥವಾ ಕಾಯಂ ನಿವಾಸದ ಹಕ್ಕು ಇರಬೇಕು. ಅರ್ಹತಾ ಪರೀಕ್ಷೆಗಳನ್ನೂ ದಾಟಬೇಕು. ಸೀಟು ಸಿಕ್ಕವರು ಅನೇಕ ಪ್ರಾಂತ್ಯಗಳಲ್ಲಿ, ಸರ್ಕಾರ ಹೇಳಿದ ಕಡೆ ಕೆಲ ವರ್ಷ ಸೇವೆ ಸಲ್ಲಿಸುವ ಕರಾರಿಗೆ ಸಹಿ ಹಾಕಬೇಕು. ‘ಒಂದೇ ವರ್ಷದ ಕೋರ್ಸು’ ಎಂಬ ಜಾಹೀರಾತಿನ ಮಾತಿಗೆ ಮರುಳಾಗಬಾರದು. ಆ ಒಂದು ವರ್ಷದ ಹಿಂದೆ ಹತ್ತಾರು ವರ್ಷಗಳ ಓದಿದೆ.

ಭಾರತದಲ್ಲೂ ಬಾಗಿಲು ತೆರೆದಿದೆ. 2009ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ವೈದ್ಯಕೀಯವನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂದು ಒಪ್ಪಿತು. ನೀಟ್ ಪಿಜಿ ಬರೆದು ಮೂರು ವರ್ಷದ ಎಂಡಿ ಅಥವಾ ಡಿಎನ್‌ಬಿ ಮಾಡಬಹುದು. ಕುಟುಂಬ ವೈದ್ಯಕೀಯದಲ್ಲೂ ಮೂರು ವರ್ಷದ ಡಿಎನ್‌ಬಿ ಇದೆ. ಖಾಸಗಿ ಆಸ್ಪತ್ರೆಗಳ ಪ್ರಮಾಣಪತ್ರಗಳೂ ಹಲವು. ಹಣ ಕಟ್ಟುವ ಮುನ್ನ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಾನ್ಯತೆ ಇದೆಯೇ ಎಂದು ವಿಚಾರಿಸುವುದು ಪೋಷಕರ ಹೊಣೆ.

ನಮ್ಮ ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಓಡಾಡುತ್ತಿದೆ. ಗಾಡಿ ರೋಗಿಯನ್ನು ತಾಲ್ಲೂಕು ಆಸ್ಪತ್ರೆಯ ಬಾಗಿಲವರೆಗೆ ತರುತ್ತದೆ. ಬಾಗಿಲ ಒಳಗೆ ನಿಂತಿರುವ ವೈದ್ಯರ ಕೈಯಲ್ಲಿ ಆ ನಾಲ್ಕೈದು ನಿಮಿಷಗಳನ್ನು ಗೆಲ್ಲುವ ವಿದ್ಯೆ ಇರಬೇಕು. ಆ ವೈದ್ಯರು ಎಲ್ಲಿಂದಲೋ ಬರಬೇಕಿಲ್ಲ. ಇಂದು ಎಂಟನೇ, ಒಂಬತ್ತನೇ ತರಗತಿಯಲ್ಲಿ ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆಯುತ್ತಿರುವ ಮಕ್ಕಳಲ್ಲೇ ಅವರಿದ್ದಾರೆ.